ನೆರಳನ್ನು ಓದುವುದು

ಕಾಡಿನ ಕಪ್ಪು ಬಿಳುಪು ಚಿತ್ರದ ಮುಂದೆ ನಿಂತವರು ಸಾಮಾನ್ಯವಾಗಿ ಮೊದಲು ಕೇಳುವುದು ಹೊತ್ತನ್ನು. 'ಇದು ಬೆಳಗಿನ ಜಾವದ್ದೋ, ಮುಸ್ಸಂಜೆಯದ್ದೋ?' ಬಣ್ಣದ ಚಿತ್ರದ ಮುಂದೆ ಕೇಳುವುದು ಊರನ್ನು. 'ಎಲ್ಲಿಯದು, ಆಗುಂಬೆಯೋ, ಕೊಡಗೋ?' ಬಣ್ಣ ಹೋದ ಕೂಡಲೇ ಸ್ಥಳ ಹಿಂದಕ್ಕೆ ಸರಿದು ಬೆಳಕು ಮುಂದೆ ಬಂದು ನಿಲ್ಲುತ್ತದೆ. ಈ ಬೆಳಕು ಯಾವ ಕಡೆಯಿಂದ ಬಂತು, ಯಾವ ಮರವನ್ನು ಮುಟ್ಟಿತು, ಯಾವುದನ್ನು ಮುಟ್ಟದೆ ಬಿಟ್ಟಿತು ಎಂದು ಕಣ್ಣು ತಾನಾಗಿ ಹುಡುಕತೊಡಗುತ್ತದೆ. ಹೊತ್ತನ್ನು ಕೇಳುವವರು ಚಿತ್ರವನ್ನು ಅರ್ಥಮಾಡಿಕೊಳ್ಳುವ ಕೆಲಸಕ್ಕೆ ಆಗಲೇ ಇಳಿದಿರುತ್ತಾರೆ. ಅಲ್ಲಿಂದ ಮುಂದಕ್ಕೆ ಇನ್ನೂ ಒಂದು ಪ್ರಶ್ನೆ ಕೇಳಿದರೆ ಚಿತ್ರ ಪೂರ್ತಿ ತೆರೆದುಕೊಳ್ಳುತ್ತದೆ ಎಂಬುದು ನನ್ನ ನಂಬಿಕೆ. ಬೆಳಕು ಮುಟ್ಟದೆ ಬಿಟ್ಟ ಜಾಗದಲ್ಲಿ ಏನಿದೆ?

ಮಲೆನಾಡಿನವರಿಗೆ ಹಸಿರು ಎಂದರೆ ಒಂದು ಬಣ್ಣ ಅಲ್ಲ. ಯುಗಾದಿಯ ಹೊತ್ತಿಗೆ ಹೊಂಗೆಯ ಮೇಲೆ ಮಿರುಗುವ ಎಳೆಹಸಿರು ಬೇರೆ, ಹಲಸಿನ ಕಡುಹಸಿರು ಬೇರೆ, ಆಷಾಢದಲ್ಲಿ ಕಲ್ಲುಗೋಡೆಗೆ ಅಡರುವ ಪಾಚಿಯ ಹಸಿರು ಬೇರೆ. ಈ ನಡುವೆ ಮಾವು ಕೆಂಪಗೆ ಚಿಗುರುತ್ತದೆ. ಕಪ್ಪು ಬಿಳುಪು ಫಿಲ್ಮು ಇವನ್ನೆಲ್ಲ ತಂದು ಬೂದು ಬಣ್ಣದ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಕಣ್ಣಿಗೆ ಎದ್ದು ಕಾಣುತ್ತಿದ್ದ ಕೆಂದಳಿರು ಪಕ್ಕದ ಹಳೆಯ ಎಲೆಯೊಳಗೆ ಕರಗಿಹೋಗುತ್ತದೆ. ಕಾಡಿನಲ್ಲಿ ನಿಂತಾಗ ಮೈಮರೆಸಿದ ದೃಶ್ಯ ಪ್ರಿಂಟಾಗಿ ಬಂದಾಗ ಬೂದುಬೂದಾದ ರಾಶಿಯಾಗುವುದು ಈ ಕಾರಣಕ್ಕೆ. ಕ್ಯಾಮೆರಾ ಹಿಡಿದು ಕಾಡಿಗೆ ಹೋದವರೆಲ್ಲ ಈ ನಿರಾಸೆಯನ್ನು ದಾಟಿಯೇ ಬಂದಿರುತ್ತಾರೆ.

ಫಿಲ್ಮು ಬಣ್ಣವನ್ನು ನಮ್ಮ ಕಣ್ಣಿನ ಹಾಗೆ ಅಳೆಯುವುದಿಲ್ಲ. ನಮ್ಮ ಅಜ್ಜಿಯರ ಹಳೆಯ ಫೋಟೋಗಳಲ್ಲಿ ಹಣೆಯ ಕುಂಕುಮ ಅಚ್ಚ ಕಪ್ಪಾಗಿ ಕಾಣುವುದನ್ನು ನೋಡಿರುತ್ತೀರಿ. ಆಗ ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ನೀಲಿಯಾದರೋ ಅದಕ್ಕೆ ಅತಿಯಾಗಿ ಕಾಣುತ್ತಿತ್ತು. ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಬೆಟ್ಟದ ಮೇಲಿನ ಆಕಾಶ ಬರಿದಾದ ಬಿಳಿ. ಅದನ್ನು ನೋಡಿ ಅಂದು ಮೋಡ ಮುಸುಕಿತ್ತು ಎಂದು ತಿಳಿಯಬಾರದು. ನೀಲಿ ಆಕಾಶವೇ ಹಾಗೆ ಬಿಳಿಯಾಗಿ ಮೂಡಿರಬಹುದು. ಆಮೇಲೆ ಬಂದ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿಗೆ ಎಲ್ಲ ಬಣ್ಣಗಳೂ ಕಂಡವು. ಆಗ ಛಾಯಾಗ್ರಾಹಕರ ಕೈಗೆ ಹೊಸ ಅಧಿಕಾರ ಸಿಕ್ಕಿತು. ಲೆನ್ಸಿನ ಮುಂದೆ ಹಸಿರು ಗಾಜಿಟ್ಟರೆ ಎಲೆಗಳು ತಿಳಿಯಾಗುತ್ತವೆ. ಕೆಂಪು ಗಾಜಿಟ್ಟರೆ ಆಕಾಶ ಕಪ್ಪಾಗಿ, ದೂರದ ಬೆಟ್ಟದ ನೀಲಿ ಮಬ್ಬು ಸರಿದು ಗೆರೆಗಳು ಸ್ಪಷ್ಟವಾಗುತ್ತವೆ. ಯಾವ ಗಾಜು ಎಂಬ ಆಯ್ಕೆಯಲ್ಲೇ ಚಿತ್ರದ ಅರ್ಥ ಅರ್ಧ ತೀರ್ಮಾನವಾಗುತ್ತದೆ.

ಇನ್ನೊಂದು ಕಷ್ಟ ಕಾಡಿನದೇ. ನಿತ್ಯಹರಿದ್ವರ್ಣದ ದಟ್ಟ ಕಾಡಿನಲ್ಲಿ ಮೇಲೆ ಬಿದ್ದ ಬಿಸಿಲಿನಲ್ಲಿ ನೆಲ ಮುಟ್ಟುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಎಲೆಗಳ ಸಂದಿಯಿಂದ ಬಿಸಿಲಿನ ಕೋಲೊಂದು ಇಳಿದರೆ ಅದು ಬಿದ್ದ ಜಾಗಕ್ಕೂ ಪಕ್ಕದ ಪೊಟರೆಗೂ ಬೆಳಕಿನಲ್ಲಿ ಸಾವಿರ ಪಟ್ಟು ಅಂತರ ಇರಬಹುದು. ಪ್ರಿಂಟಿನ ಕಾಗದ ತೋರಿಸಬಲ್ಲ ಅಂತರವಾದರೋ ಸುಮಾರು ನೂರು ಪಟ್ಟು. ಕಾಗದದ ಅತಿ ಬಿಳಿ ಭಾಗ ಅದರ ಅತಿ ಕಪ್ಪು ಭಾಗಕ್ಕಿಂತ ನೂರು ಪಟ್ಟಿನಷ್ಟು ಬೆಳಕನ್ನು ಹಿಂದಕ್ಕೆ ಕಳಿಸಬಲ್ಲದು, ಅಷ್ಟೇ. ಸಾವಿರವನ್ನು ನೂರಕ್ಕೆ ಇಳಿಸುವಾಗ ಏನನ್ನಾದರೂ ಬಿಡಲೇಬೇಕು. ಬಿಸಿಲಿನ ವಿವರ ಬಿಡುವುದೋ, ನೆರಳಿನ ವಿವರ ಬಿಡುವುದೋ? ಆದ್ದರಿಂದ ಕಾಡಿನ ಪ್ರತಿಯೊಂದು ಪ್ರಿಂಟಿನಲ್ಲೂ ಒಂದು ನಿರ್ಧಾರ ಅಡಗಿದೆ. ಅನುಭವಿಗಳು ಮೋಡ ಕವಿದ ದಿನಕ್ಕೆ ಕಾಯುವುದೂ ಇದರಿಂದಲೇ. ಮೋಡದ ಕೆಳಗೆ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬರುತ್ತದೆ, ಅಂತರ ತಗ್ಗುತ್ತದೆ, ನೆರಳು ಬಾಯಿ ಬಿಡುತ್ತದೆ.

ಈ ನಿರ್ಧಾರವನ್ನು ಇಪ್ಪತ್ತನೆಯ ಶತಮಾನದಲ್ಲಿ ಅತ್ಯಂತ ಶ್ರದ್ಧೆಯಿಂದ ಯೋಚಿಸಿದವರು ಅಮೆರಿಕದ ಆನ್ಸೆಲ್ ಆಡಮ್ಸ್. 1902ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡ ಈತ ಮೊದಲು ಪಿಯಾನೊ ಕಲಿತವರು. ಫ್ರೆಡ್ ಆರ್ಚರ್ ಜೊತೆಗೂಡಿ ಅವರು ರೂಪಿಸಿದ ಜೋನ್ ಪದ್ಧತಿ, ಅಚ್ಚ ಕಪ್ಪಿನಿಂದ ಅಚ್ಚ ಬಿಳಿಯವರೆಗಿನ ಛಾಯೆಗಳನ್ನು ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. ಕಾಡಿನ ಯಾವ ಭಾಗ ಯಾವ ಮೆಟ್ಟಿಲಿನ ಮೇಲೆ ಕೂರಬೇಕು ಎಂಬುದನ್ನು ಛಾಯಾಗ್ರಾಹಕ ಗುಂಡಿ ಒತ್ತುವ ಮೊದಲೇ ಮನಸ್ಸಿನಲ್ಲಿ ಕಂಡುಕೊಳ್ಳಬೇಕು. ಈ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸಿದ ಮಾತೆಂದರೆ ಲೆಕ್ಕ ಶುರುವಾಗುವುದು ನೆರಳಿನಿಂದ. ವಿವರ ಉಳಿಯಲೇಬೇಕಾದ ನೆರಳಿಗೆ ಎಷ್ಟು ಬೆಳಕು ಬೇಕೋ ಅಷ್ಟನ್ನು ಫಿಲ್ಮಿಗೆ ಮೊದಲು ಕೊಡಬೇಕು. ಬೆಳಕಿನ ಭಾಗಗಳನ್ನು ಆಮೇಲೆ ಡೆವಲಪ್ ಮಾಡುವಾಗ ಹದಕ್ಕೆ ತಂದುಕೊಳ್ಳಬಹುದು. ನೆರಳಿನಲ್ಲಿ ಒಮ್ಮೆ ದಾಖಲಾಗದೆ ಹೋದದ್ದನ್ನು ಮುಂದೆ ಯಾವ ಕೌಶಲವೂ ಮರಳಿಸಲಾರದು.

ಆಡಮ್ಸ್ 1958ರಲ್ಲಿ ಅಮೆರಿಕದ ಉತ್ತರ ನ್ಯೂ ಮೆಕ್ಸಿಕೋದಲ್ಲಿ ಆಸ್ಪೆನ್ ಮರಗಳ ಎರಡು ಚಿತ್ರ ತೆಗೆದರು, ಒಂದು ಅಡ್ಡ, ಒಂದು ಉದ್ದ. ಎರಡರಲ್ಲೂ ನೆಟ್ಟಗೆ ನಿಂತ ತೆಳ್ಳನೆಯ ಕಾಂಡಗಳ ಸಾಲು, ಅವುಗಳ ಹಿಂದೆ ಆಳವಾದ ಕಪ್ಪು, ಮುಂದೆ ಎಲೆ ತುಂಬಿದ ಒಂದು ಎಳೆಯ ಮರ. ಆ ಎಳೆಯ ಮರ ಎಷ್ಟು ಬೆಳಗುತ್ತದೆಂದರೆ ಅದರ ಮೇಲೆ ಬಿಸಿಲು ಬಿದ್ದಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನೋಡಿದವರಲ್ಲಿ ಬಹುಪಾಲು ಜನ ಹಾಗೆಯೇ ಎಣಿಸುತ್ತಾರೆ ಎಂದು ಆಡಮ್ಸ್ ಅವರೇ ಬರೆದಿದ್ದಾರೆ. ನಿಜದಲ್ಲಿ ಆ ತೋಪಿನ ಮೇಲೆ ನೇರ ಬಿಸಿಲು ಇರಲೇ ಇಲ್ಲ. ಇಡೀ ದೃಶ್ಯ ನೆರಳಿನಲ್ಲಿತ್ತು. ತೆರೆದ ಆಕಾಶದ ಬೆಳಕು, ದೂರದ ಮೋಡಗಳಿಂದ ಹೊರಳಿ ಬಂದ ಬೆಳಕು, ಇಷ್ಟೇ.

ಹಾಗಾದರೆ ಈ ಕಾಂತಿ ಎಲ್ಲಿಂದ ಬಂತು? ಅದು ಶರತ್ಕಾಲ, ಆಸ್ಪೆನ್ ಎಲೆಗಳು ಹಳದಿಗೆ ತಿರುಗಿದ್ದವು. ಆಡಮ್ಸ್ ಲೆನ್ಸಿಗೆ ಗಾಢ ಹಳದಿ ಫಿಲ್ಟರ್ ಹಾಕಿದರು. ಹಳದಿ ಎಲೆಗಳ ಬೆಳಕು ಅದರ ಮೂಲಕ ಸಲೀಸಾಗಿ ಹಾದು ಬಂತು. ಹಿಂದಿನ ಕಾಡಿನ ನೆರಳಿನಲ್ಲಿ ತುಂಬಿದ್ದದ್ದು ಆಕಾಶದ ನೀಲಿ ಬೆಳಕು. ಹಳದಿ ಗಾಜು ಅದನ್ನು ತಡೆದು ನಿಲ್ಲಿಸಿತು. ಎಲೆ ಬೆಳಗಿತು, ಹಿನ್ನೆಲೆ ಆಳಕ್ಕೆ ಇಳಿಯಿತು. ಆ ಮೇಲೂ ಆ ಕಪ್ಪು ಬರಿದಾಗಿಲ್ಲ. ಒಳ್ಳೆಯ ಪ್ರಿಂಟಿನಲ್ಲಿ ನಿಧಾನವಾಗಿ ನೋಡಿದರೆ ಒಂದು ಸಾಲಿನ ಹಿಂದೆ ಮತ್ತೊಂದು ಸಾಲು, ಅದರ ಹಿಂದೆ ಇನ್ನೊಂದು, ಹೀಗೆ ಕಾಂಡಗಳು ಹೊರಬರುತ್ತವೆ. ಈ ವಿಷಯ ತಿಳಿದ ಮೇಲೆ ಆ ಚಿತ್ರದ ಮೇಲಿನ ಪ್ರೀತಿ ನನಗೆ ಹೆಚ್ಚಾಯಿತು. ನೆರಳು ಎಂದರೆ ಬೆಳಕಿನ ಗೈರುಹಾಜರಿ ಎಂದು ನಾವು ಸುಮ್ಮನೆ ಅಂದುಕೊಂಡಿದ್ದೇವೆ. ನೆರಳಿಗೆ ತನ್ನದೇ ಬೆಳಕಿದೆ, ಅದಕ್ಕೆ ದಿಕ್ಕಿದೆ, ಬಣ್ಣವೂ ಇದೆ.

ಕತ್ತಲೆಯನ್ನು ಬೇರೆ ರೀತಿ ಬಳಸಿದ ಪ್ರಸಿದ್ಧ ಚಿತ್ರವೂ ಒಂದಿದೆ. ಯುಜೀನ್ ಸ್ಮಿತ್ ಎರಡನೆಯ ಮಹಾಯುದ್ಧದ ವರದಿ ಮಾಡುತ್ತಾ 1945ರಲ್ಲಿ ಒಕಿನಾವಾದಲ್ಲಿ ತೀವ್ರವಾಗಿ ಗಾಯಗೊಂಡರು. ದೀರ್ಘ ಚಿಕಿತ್ಸೆಯ ಬಳಿಕ 1946ರಲ್ಲಿ ಮತ್ತೆ ಕ್ಯಾಮೆರಾ ಹಿಡಿದಾಗ ತೆಗೆದದ್ದು ತಮ್ಮ ಇಬ್ಬರು ಪುಟ್ಟ ಮಕ್ಕಳು ಕೈ ಹಿಡಿದು ಮರಗಳ ಕತ್ತಲೆಯಿಂದ ಬೆಳಕಿನ ಬಯಲಿಗೆ ನಡೆದುಹೋಗುವ ಚಿತ್ರ. 1955ರ 'ಫ್ಯಾಮಿಲಿ ಆಫ್ ಮ್ಯಾನ್' ಪ್ರದರ್ಶನದಿಂದ ಅದು ಲೋಕಕ್ಕೆಲ್ಲ ಪರಿಚಯವಾಯಿತು. ಅಲ್ಲಿ ಕಾಡಿನ ಕಪ್ಪು ದಾಟಿಹೋಗಬೇಕಾದ ಬಾಗಿಲು. ಸಾವನ್ನು ಹತ್ತಿರದಿಂದ ಕಂಡ ತಂದೆಗೆ ಕತ್ತಲೆ ಹಾಗೆ ಕಾಣುವುದು ಸಹಜ, ಆ ಚಿತ್ರ ನನ್ನ ಗಂಟಲನ್ನು ಈಗಲೂ ಬಿಗಿಯುತ್ತದೆ. ಆದರೆ ಅದು ಮಕ್ಕಳ ಚಿತ್ರ, ಕಾಡಿನದ್ದಲ್ಲ. ಕಾಡನ್ನು ಕಾಡಿಗಾಗಿಯೇ ನೋಡುವವರು ಆ ಕತ್ತಲೆಯೊಳಗೇ ಉಳಿಯಬೇಕಾಗುತ್ತದೆ.

ನೆಗೆಟಿವ್ ಎಂದರೆ ಸಂಗೀತಗಾರ ಬರೆದಿಟ್ಟ ಸ್ವರಪ್ರಸ್ತಾರ, ಪ್ರಿಂಟ್ ಎಂದರೆ ಅದನ್ನು ನುಡಿಸುವುದು ಎಂಬರ್ಥದ ಆಡಮ್ಸ್ ಅವರ ಮಾತು ಛಾಯಾಗ್ರಾಹಕರಲ್ಲಿ ಮನೆಮಾತಾಗಿದೆ. ತ್ಯಾಗರಾಜರ ಒಂದೇ ಕೃತಿಯನ್ನು ಇಬ್ಬರು ವಿದ್ವಾಂಸರ ಕಛೇರಿಯಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಡಮ್ಸ್ ತಮ್ಮ ಕೃತಿಯನ್ನೇ ಬೇರೆ ಬೇರೆ ವಯಸ್ಸಿನಲ್ಲಿ ಬೇರೆಯಾಗಿ ನುಡಿಸಿದರು. ಅವರ 1941ರ 'ಮೂನ್‌ರೈಸ್' ಚಿತ್ರದ ಆರಂಭದ ಪ್ರಿಂಟುಗಳಲ್ಲಿ ಆಕಾಶ ತಿಳಿಬೂದು, ಅಲ್ಲಲ್ಲಿ ಮೋಡದ ಎಳೆಗಳು. ದಶಕಗಳ ಬಳಿಕದ ಪ್ರಿಂಟುಗಳಲ್ಲಿ ಅದೇ ಆಕಾಶ ಬಹುಮಟ್ಟಿಗೆ ಕಪ್ಪು. ಎರಡೂ ಒಂದೇ ನೆಗೆಟಿವ್‌ನಿಂದ ಬಂದವು, ಎರಡೂ ಆತನವೇ.

ಈ ನುಡಿಸುವಿಕೆ ನಡೆಯುವುದು ಡಾರ್ಕ್‌ರೂಮಿನಲ್ಲಿ. ನಮ್ಮ ಊರಿನ ಸ್ಟುಡಿಯೊ ನಡೆಸುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ನಿಂತು ನಾನು ಅದನ್ನು ಕಂಡವನು. ಕೆಂಪು ದೀಪ, ಹೈಪೊದ ಘಾಟು, ಮೂರು ಟ್ರೇ, ನಲ್ಲಿಯ ಸಣ್ಣ ಸದ್ದು. ಎನ್‌ಲಾರ್ಜರ್ ಕೆಳಗೆ ಬೆಳಕುಂಡ ಕಾಗದವನ್ನು ಡೆವಲಪರ್‌ನಲ್ಲಿ ಮುಳುಗಿಸಿ ತೂಗಿದರೆ ಕೆಲವು ಕ್ಷಣ ಏನೂ ಕಾಣದು. ಆಮೇಲೆ ಬಿಳಿಯ ಮೇಲೆ ಮೊದಲು ಮೂಡುವುದು ಕತ್ತಲೆ. ಪೊಟರೆ, ಬೇರಿನ ಸಂದಿ, ಪೊದೆಯ ತಳ ಮುಂಚೆ ಬರುತ್ತವೆ. ನಂತರ ಕಾಂಡಗಳು. ಎಲೆಯ ಮೇಲಿನ ಹೊಳಪು, ಮಂಜಿನ ನಯ ಎಲ್ಲಕ್ಕಿಂತ ಕೊನೆಗೆ. ಕಾಡು ತನ್ನ ನೆರಳಿನಿಂದ ಹುಟ್ಟಿ ಬೆಳಕಿನ ಕಡೆಗೆ ಬೆಳೆಯುತ್ತದೆ. ಚಿತ್ರವನ್ನು ಓದುವ ಕ್ರಮವೂ ಹೀಗೆಯೇ ಇರಬೇಕು ಎಂದು ನನಗೆ ತೋರಿದ್ದು ಆ ಟ್ರೇಯ ಮುಂದೆ ನಿಂತಾಗ.

ಆ ಹಿರಿಯರು ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯೊಂದನ್ನು ಎನ್‌ಲಾರ್ಜರ್ ಬೆಳಕಿನಲ್ಲಿ ಆಡಿಸುತ್ತಿದ್ದರು. ಬಿಲ್ಲೆಯ ನೆರಳು ಬಿದ್ದ ಜಾಗಕ್ಕೆ ಬೆಳಕು ಕಡಿಮೆ ಸಿಕ್ಕು ಅದು ಪ್ರಿಂಟಿನಲ್ಲಿ ತಿಳಿಯಾಗುತ್ತದೆ. ಇದು ಡಾಡ್ಜಿಂಗ್. ಎರಡೂ ಅಂಗೈ ಸೇರಿಸಿ ನಡುವೆ ಕಿಂಡಿ ಬಿಟ್ಟು ಒಂದು ಜಾಗಕ್ಕೆ ಮಾತ್ರ ಹೆಚ್ಚು ಬೆಳಕು ಕೊಟ್ಟರೆ ಅದು ಗಾಢವಾಗುತ್ತದೆ. ಇದು ಬರ್ನಿಂಗ್. ಇನ್ನೊಂದು ಪಾಠವನ್ನೂ ಅವರು ಕಲಿಸಿದರು. ಟ್ರೇಯಲ್ಲಿ ಒದ್ದೆಯಾಗಿರುವಾಗ ಪ್ರಿಂಟ್ ಹೊಳೆಯುತ್ತದೆ, ಒಣಗಿದ ಮೇಲೆ ಒಂದಿಷ್ಟು ಮಂಕಾಗುತ್ತದೆ. ಒದ್ದೆಯಲ್ಲಿ ಸರಿಯೆನಿಸಿದ ನೆರಳು ಒಣಗಿದಾಗ ಮುಚ್ಚಿಹೋಗಿರುತ್ತದೆ. ಆದ್ದರಿಂದ ನಾಳೆ ಒಣಗಿದ ಕಾಗದ ಹೇಗಿರುತ್ತದೆ ಎಂದು ಇಂದೇ ಊಹಿಸಿ ನೆರಳನ್ನು ತುಸು ತೆರೆದಿಡಬೇಕು.

ಆ ಕಾಗದದ ಒಡಲೂ ಕಾಡು ಮೇಡುಗಳದೇ. ಮರದ ತಿರುಳಿನ ನಾರು, ಅದರ ಮೇಲೆ ದನದ ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್, ಅದರೊಳಗೆ ಬೆಳ್ಳಿಯ ಸಣ್ಣ ಸಣ್ಣ ಹರಳುಗಳು. ಕೆಲವು ಜೆಲಟಿನ್ನುಗಳಲ್ಲಿ ಮಾತ್ರ ಬೆಳ್ಳಿ ಬೆಳಕಿಗೆ ಹೆಚ್ಚು ಸ್ಪಂದಿಸುವುದೇಕೆ ಎಂದು 1920ರ ದಶಕದಲ್ಲಿ ಕೊಡಾಕ್ ಸಂಸ್ಥೆಯ ಸ್ಯಾಮುಯೆಲ್ ಶೆಪರ್ಡ್ ಹುಡುಕಿದಾಗ ಸಿಕ್ಕಿದ್ದು ಗಂಧಕದ ಅಂಶ. ಸಾಸಿವೆಯ ಜಾತಿಯ ಗಿಡಗಳನ್ನು ದನಗಳು ಮೇಯುವುದರಿಂದ ಅದು ಜೆಲಟಿನ್ನಿಗೆ ಬರುತ್ತಿತ್ತು. ಯಾವುದೋ ಬಯಲಿನಲ್ಲಿ ಹಸು ಮೇಯ್ದ ಸೊಪ್ಪು ಕಾಡಿನ ನೆರಳನ್ನು ಕಾಣಿಸುವುದಕ್ಕೆ ನೆರವಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಹಿಗ್ಗು.

ನನ್ನ ಓದುವ ಕೋಣೆಯಲ್ಲಿ ಆ ಹಿರಿಯರು ಮಾಡಿಕೊಟ್ಟ ಪ್ರಿಂಟೊಂದಿದೆ. ಸಾಗರದ ಕಡೆಯ ಕಾಡು, ಮಳೆ ಬಿಟ್ಟ ಒಂದು ಮಧ್ಯಾಹ್ನ. ಮೊದಲ ನೋಟಕ್ಕೆ ಎಡಗಡೆ ಬೆಳ್ಳಗೆ ಹೊಳೆಯುವ ನುಣುಪು ಕಾಂಡ ಕಣ್ಣು ಸೆಳೆಯುತ್ತದೆ. ಅದು ನಂದಿ ಮರ, ತೊಗಟೆ ಸುಲಿದು ಬೀಳುವುದರಿಂದ ಆ ನುಣುಪು. ಅದರ ಪಕ್ಕದಲ್ಲಿ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಬಿರಿದ ಕಪ್ಪು ತೊಗಟೆಯದು ಮತ್ತಿ. ಬಣ್ಣವಿದ್ದಿದ್ದರೆ ಎರಡರ ಮೇಲಿನ ಹಸಿರನ್ನೇ ನೋಡಿ ಮುಂದೆ ಹೋಗುತ್ತಿದ್ದೆನೇನೋ. ಬಣ್ಣ ಇಲ್ಲದ್ದರಿಂದ ತೊಗಟೆಯೇ ಮರದ ಗುರುತಾಯಿತು. ಮತ್ತಿಯ ಮೈಮೇಲಿನ ಬಿಳಿ ಮಚ್ಚೆಗಳು ಕಲ್ಲುಹೂವಿನವು. ಕಾಂಡಗಳೆಲ್ಲ ಬುಡದಲ್ಲಿ ತುಸು ಬಾಗಿ ಮೇಲೆ ನೆಟ್ಟಗಾಗಿರುವುದರಿಂದ ನೆಲ ಇಳಿಜಾರು ಎಂದು ತಿಳಿಯುತ್ತದೆ. ಹಿಂದಿನ ಮಬ್ಬಿನಲ್ಲಿ ಬಗನೆಯ ಗರಿಗಳ ಆಕಾರ ಸ್ಪಷ್ಟ.

ಬಲಗಡೆಯ ಕಪ್ಪಿಗೆ ಹೆಚ್ಚು ಹೊತ್ತು ಬೇಕು. ಅಲ್ಲಿ ಕಣ್ಣು ನೆಟ್ಟು ನಿಂತರೆ ನಿಧಾನಕ್ಕೆ ಕೆಲವು ಕಾಂಡಗಳು ಹೊರಬರುತ್ತವೆ. ಅವಕ್ಕೆ ಅಗಲಕ್ಕೆ ಚಾಚಿದ ಕೊಂಬೆಗಳಿಲ್ಲ. ಉದ್ದಕ್ಕೂ ಗಂಟುಗಳು, ತುದಿಯಲ್ಲಿ ಮಾತ್ರ ಒಂದು ಹಿಡಿ ಎಲೆ. ಅದು ಸೊಪ್ಪಿನಬೆಟ್ಟ. ಅಡಿಕೆ ತೋಟದ ಗೊಬ್ಬರಕ್ಕಾಗಿ, ಕೊಟ್ಟಿಗೆಯ ಹಾಸಿಗಾಗಿ ವರ್ಷ ವರ್ಷವೂ ಮರ ಹತ್ತಿ ಸೊಪ್ಪು ಕಡಿದ ಗುರುತು ಆ ಗಂಟುಗಳು. ಯಾರೂ ಕಾಲಿಡದ ಕಾಡು ಎಂದು ಅತಿಥಿಗಳು ಮೆಚ್ಚುವ ಚಿತ್ರದಲ್ಲಿ ತಲೆಮಾರುಗಳ ದುಡಿಮೆ ನಿಂತಿದೆ. ಕೊಕ್ಕೆ ಕಟ್ಟಿ ಮರ ಹತ್ತಿದವರು, ಹೊರೆ ಹೊತ್ತು ಇಳಿದ ಹೆಂಗಸರು ಅಲ್ಲಿ ಕಾಣುವುದಿಲ್ಲ. ಅವರ ಕೆಲಸ ಕಾಣುತ್ತದೆ. ಆ ಹಿರಿಯರು ಬಿಲ್ಲೆ ಆಡಿಸಿ ನೆರಳನ್ನು ತೆರೆದಿಡದೆ ಹೋಗಿದ್ದರೆ ಈ ಚರಿತ್ರೆ ಬರಿಯ ಮಸಿಯಾಗುತ್ತಿತ್ತು.

ಹೀಗಾಗಿ ಮನುಷ್ಯರಿಲ್ಲದ ಕಾಡಿನ ಚಿತ್ರ ಕಂಡಾಗ ನನ್ನ ಮನಸ್ಸು ಒಂದು ಕ್ಷಣ ತಡೆಯುತ್ತದೆ. ಆಡಮ್ಸ್ ಬಾಳಿನುದ್ದಕ್ಕೂ ಆರಾಧಿಸಿದ ಯೊಸೆಮಿಟಿ ಕಣಿವೆ ಅವರ ಚಿತ್ರಗಳಲ್ಲಿ ಸೃಷ್ಟಿಯ ಮೊದಲ ದಿನದಂತೆ ನಿರ್ಜನ. ಆದರೆ ಅಲ್ಲಿ ಅಹ್ವಾನೀಚಿ ಜನ ಬಾಳುತ್ತಿದ್ದರು. 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ಪಡೆ ಕಣಿವೆಗೆ ನುಗ್ಗಿ ಅವರನ್ನು ಹೊರದಬ್ಬಿತು. ನಮ್ಮ ನಾಗರಹೊಳೆಯಿಂದಲೂ ಜೇನುಕುರುಬರ ಹಾಡಿಗಳು ಎದ್ದುಹೋಗಿವೆ. ಆಡಮ್ಸ್ ಚಿತ್ರಗಳ ಹಿರಿಮೆಯನ್ನು ಇದು ಕಿತ್ತುಕೊಳ್ಳುವುದಿಲ್ಲ, ಆ ಚಿತ್ರಗಳು ಕಾಡುಗಳನ್ನು ಉಳಿಸುವ ಹೋರಾಟಕ್ಕೆ ಬಲ ತಂದವು. ಆದರೂ ಚೌಕಟ್ಟಿನಾಚೆ ಉಳಿದವರನ್ನು ನೆನೆಯದ ಓದು ಅರ್ಧ ಓದು.

ಕರ್ನಾಟಕದಲ್ಲಿ ನೆರಳು ಬೆಳಕಿನ ಈ ವಿದ್ಯೆಯನ್ನು ಕಾಡಿನಲ್ಲಿ ನಿಷ್ಠೆಯಿಂದ ಅಭ್ಯಾಸ ಮಾಡಿದವರಲ್ಲಿ ಸಂಡೂರಿನ ಎಂ. ವೈ. ಘೋರ್ಪಡೆ ಒಬ್ಬರು. ರಾಜ್ಯದ ಹಣಕಾಸು ಸಚಿವರಾಗಿದ್ದ ಅವರು ವನ್ಯಜೀವಿಗಳನ್ನು ಕಪ್ಪು ಬಿಳುಪಿನಲ್ಲಿ ಚಿತ್ರಿಸಿದರು. 1983ರಲ್ಲಿ ಬಂದ ತಮ್ಮ ಪುಸ್ತಕಕ್ಕೆ ಅವರು 'ಸನ್‌ಲೈಟ್ ಅಂಡ್ ಶ್ಯಾಡೋಸ್' ಎಂದೇ ಹೆಸರಿಟ್ಟರು. ಪ್ರಾಣಿಯಷ್ಟೇ ಅದರ ಸುತ್ತಲಿನ ಬೆಳಕೂ ಮುಖ್ಯ ಎನ್ನುವವರು ಮಾತ್ರ ಆ ಹೆಸರಿಡಬಲ್ಲರು.

ಇಷ್ಟೆಲ್ಲ ಹೇಳಿದ್ದು ಕಲಾವಿದರ ಚಿತ್ರಗಳ ಮಾತಾಯಿತು. ನನ್ನ ನಿಜವಾದ ಕಾಳಜಿ ಇರುವುದು ನಮ್ಮ ಮನೆಗಳ ಟ್ರಂಕುಗಳಲ್ಲಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಹಿನ್ನೀರಿನಲ್ಲಿ ಊರುಗಳ ಜೊತೆ ಕಾನುಗಳು, ಬೆಟ್ಟಗಳು, ಬ್ಯಾಣಗಳೂ ಮುಳುಗಿದವು. ಅಲ್ಲಿಂದ ಎದ್ದು ಬಂದ ಕುಟುಂಬಗಳಲ್ಲಿ ಮದುವೆಯದೋ ಉಪನಯನದ್ದೋ ಒಂದೆರಡು ಕಪ್ಪು ಬಿಳುಪು ಫೋಟೋ ಇರುತ್ತವೆ. ಅಂಗಳದಲ್ಲಿ ಸಾಲಾಗಿ ಕೂತ ಹಿರಿಯರು, ಹಿಂದೆ ಹೆಂಚಿನ ಮಾಡು, ಅದರ ಹಿಂದೆ ಮಸುಕಾಗಿ ಕಾಡು. ಮನೆಯವರು ಮುಖಗಳನ್ನು ಗುರುತಿಸಿ ಆಲ್ಬಂ ಮುಚ್ಚುತ್ತಾರೆ. ನಾನು ಅಂಥ ಚಿತ್ರ ಸಿಕ್ಕಾಗಲೆಲ್ಲ ಮಾಡಿನ ಹಿಂದಿನ ಕಪ್ಪಿಗೆ ಭೂತಗನ್ನಡಿ ಹಿಡಿಯುತ್ತೇನೆ. ಈಗ ನೀರಿನಡಿ ಇರುವ ಆ ಕಾಡಿನ ಬಗ್ಗೆ ಕುಟುಂಬದ ಬಳಿ ಉಳಿದಿರುವ ಸಾಕ್ಷಿ ಎಷ್ಟೋ ಸಲ ಅದೊಂದೇ. ಫೋಟೋಗ್ರಾಫರ್ ಅದನ್ನು ಉದ್ದೇಶಿಸಿರಲಿಲ್ಲ, ಬೆಳಕು ತಾನಾಗಿ ಬರೆದಿಟ್ಟು ಹೋಯಿತು.

ಆ ಬರಹ ಅಳಿಯತೊಡಗಿದೆ. ಮಲೆನಾಡಿನ ತೇವಕ್ಕೆ ಜೆಲಟಿನ್ ಮೇಲೆ ಬೂಷ್ಟು ಬರುತ್ತದೆ. ಹಳೆಯ ಪ್ರಿಂಟುಗಳ ಅಂಚನ್ನು ಓರೆಯಾಗಿ ಹಿಡಿದರೆ ನೀಲಿಛಾಯೆಯ ಕನ್ನಡಿಯಂಥ ಹೊಳಪು ಕಾಣಿಸುತ್ತದೆ. ಒಳಗಿನ ಬೆಳ್ಳಿ ಮೇಲಕ್ಕೆ ಬಂದು ಪದರವಾಗಿ ನಿಂತದ್ದು ಅದು. ಅದು ಹೆಚ್ಚಾಗಿ ಆವರಿಸುವುದು ಚಿತ್ರದ ಕಪ್ಪು ಭಾಗಗಳನ್ನೇ, ಏಕೆಂದರೆ ಬೆಳ್ಳಿ ಹೆಚ್ಚು ಇರುವುದು ಅಲ್ಲೇ. ಮುಖಗಳು ಉಳಿದು ಕಾಡು ಮೊದಲು ಹೋಗುತ್ತದೆ. ಸ್ಕ್ಯಾನ್ ಮಾಡಿಸಿದರೂ ಅಪಾಯ ತಪ್ಪಿಲ್ಲ. ಚಿತ್ರ ಎದ್ದು ಕಾಣಲೆಂದು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಕಾಂಟ್ರಾಸ್ಟ್ ಏರಿಸುತ್ತಾರೆ. ಮುಖ ಬೆಳಗುತ್ತದೆ, ಹಿಂದಿನ ಮರಗಳು ಮಸಿಯಾಗುತ್ತವೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಅಂಥ ಚಿತ್ರ ನಿಮ್ಮ ಮನೆಯಲ್ಲಿದ್ದರೆ ಸ್ಕ್ಯಾನ್ ಮಾಡುವವರಿಗೆ ನೆರಳಿನ ವಿವರ ಹೋಗಬಾರದು ಎಂದು ಒತ್ತಿ ಹೇಳಿ. ಮೂಲ ಪ್ರಿಂಟನ್ನು ಒಣ ಜಾಗದಲ್ಲಿಡಿ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಅವರ ಪಕ್ಕ ಕೂತು ಮನುಷ್ಯರ ಹೆಸರು ಕೇಳಿದ ಮೇಲೆ ಮರಗಳ ಹೆಸರನ್ನೂ ಕೇಳಿ. ಆ ಎತ್ತರದ್ದು ಧೂಪವೋ, ಹೆಬ್ಬಲಸೋ? ಆ ಸಾಲು ಯಾರ ಬೆಟ್ಟ? ಅದರಾಚೆ ಹಳ್ಳ ಇತ್ತೇ? ಮಾಡಿನ ಸಾಲನ್ನು ನೋಡಿ ಅವರು ದಿಕ್ಕು ಹೇಳುತ್ತಾರೆ, ದಿಕ್ಕಿನಿಂದ ಬೆಳಕಿನ ಹೊತ್ತು ತಿಳಿಯುತ್ತದೆ, ಒಂದು ಮರ ನೆನಪಾದರೆ ಅದರ ಕೆಳಗಿನ ಭೂತನ ಕಟ್ಟೆ ನೆನಪಾಗುತ್ತದೆ. ಅವರು ಹೇಳಿದ್ದನ್ನೆಲ್ಲ ಪ್ರಿಂಟಿನ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ; ಪೆನ್ನಿನ ಶಾಯಿ ಕಾಗದಕ್ಕಿಳಿದು ಚಿತ್ರವನ್ನು ಕೆಡಿಸುತ್ತದೆ. ಆಡಮ್ಸ್ ಅವರ ಆಸ್ಪೆನ್ ತೋಪನ್ನು ಅರ್ಥೈಸಲು ಜಗತ್ತಿನಲ್ಲಿ ಬೇಕಾದಷ್ಟು ಜನರಿದ್ದಾರೆ. ನಿಮ್ಮ ಅಂಗಳದ ಹಿಂದಿನ ಕಾಡನ್ನು ಓದಬಲ್ಲ ಕಣ್ಣುಗಳು ಕೆಲವೇ ಉಳಿದಿವೆ, ಅವು ಇರುವಾಗಲೇ ಆ ಕೆಲಸ ಮುಗಿಯಬೇಕು.